ನಕ್ಷೆಗೆ ಮೀರಿದ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಗಾದೆ ಎಣಿಸಿದುದು ಕಟ್ಟಿಸುವವನ ಕಷ್ಟವನ್ನು ಮಾತ್ರ. ಪಕ್ಕದಲ್ಲಿ ವಾಸಿಸುವವನ ಪಾಡನ್ನು ಅದು ಹೇಳಲಿಲ್ಲ. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ನಗರಪಾಲಿಕೆಗಳ ಕಟ್ಟಡ ನಿಯಮಗಳು ಹುಟ್ಟಿದುವೆನ್ನಬಹುದು.

30 ಅಡಿಗೆ 40 ಅಡಿಯ ನಿವೇಶನ ಕೊಂಡ ಬೆಂಗಳೂರಿನ ಗೃಹಸ್ಥನಿಗೆ ಒಂದೊಂದು ಅಡಿಯೂ ಬಂಗಾರ. ಸುತ್ತ ಇಷ್ಟು ತೆರವು ಬಿಡಬೇಕೆಂದರೆ ಕರುಳು ಕಿತ್ತು ಬಂದಂತಾಗುವುದು ಸಹಜ. ಆದರೆ ಅದು ವ್ಯರ್ಥವಾದ ನೆಲವಲ್ಲ. ನೆರೆಮನೆಯ ಅಡಿಗೆಕೋಣೆಗೆ ಬೆಳಕು ಇಳಿಯುವುದೂ, ಬೆಂಕಿ ಬಿದ್ದಾಗ ನೆರವಿಗೆ ಬಂದವರು ಒಳಸೇರುವುದೂ ಆ ತೆರವಿನಿಂದಲೇ.

ಇದಕ್ಕಿಂತ ಘೋರವಾದುದು ಅಂತಸ್ತಿನ ಆಸೆ. ಎರಡು ಅಂತಸ್ತಿಗೆ ಹಾಕಿದ ಅಡಿಪಾಯದ ಮೇಲೆ ನಾಲ್ಕನ್ನೇರಿಸಿದರೆ ಕಂಬವು ದೂರು ಹೇಳುವುದಿಲ್ಲ. ಒಂದು ದಿನ ಮುರಿಯುತ್ತದೆ. ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ 1983ರ ಗಂಗಾರಾಮ್ ಕಟ್ಟಡದ ಕುಸಿತವನ್ನು ಹಳೆಯ ಬೆಂಗಳೂರಿಗರು ಮರೆತಿಲ್ಲ. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ, ಪಡೆದ ಅನುಮತಿಯನ್ನು ಮೀರಿ ಏಳುತ್ತಿದ್ದುದೆಂದು ವರದಿಯಾದ ಕಟ್ಟಡವೊಂದು ಕುಸಿದು 9 ಮಂದಿ ಮಡಿದರು. ಮಡಿದವರು ಹೊಟ್ಟೆಪಾಡಿಗೆ ಕೂಲಿಗೆ ಬಂದವರು. ನಕ್ಷೆಯಲ್ಲಿ ಏನಿತ್ತೆಂದು ಅವರಿಗೆ ಹೇಳಿದವರುಂಟೆ?

‘ಮೊದಲು ಕಟ್ಟೋಣ, ಆಮೇಲೆ ದಂಡ ತೆತ್ತು ಸಕ್ರಮ ಮಾಡಿಸಿದರಾಯಿತು’ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ರಾಜ್ಯದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟು 2017ರಲ್ಲಿ ತಡೆಯಿತ್ತಿತು. 2024ರ ಡಿಸೆಂಬರ್ 17ರಂದು ಅದೇ ನ್ಯಾಯಾಲಯ, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು ಕೊಡಬಾರದೆಂದೂ, ಬ್ಯಾಂಕುಗಳು ಪತ್ರವನ್ನು ಪರಿಶೀಲಿಸಿಯೇ ಸಾಲ ನೀಡಬೇಕೆಂದೂ ವಿಧಿಸಿತು. ಮನೆ ಮುಗಿದರೂ ದೀಪವಿಲ್ಲದೆ ಕುಳಿತ ಸಂಸಾರಗಳೆಷ್ಟೋ! 2025ರಲ್ಲಿ ರಾಜ್ಯ ಸರ್ಕಾರವು 1,200 ಚದರಡಿವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ಕೊಟ್ಟಿತು. ಆದರೆ ವಿನಾಯಿತಿ ಪತ್ರಕ್ಕೆ ಮಾತ್ರ, ಅಡಿಪಾಯದ ಬಲಕ್ಕಲ್ಲ.

ಆದುದರಿಂದ ವಾಚಕರಲ್ಲಿ ವಿಜ್ಞಾಪನೆಯಿಷ್ಟೆ. ಮನೆ ಕೊಳ್ಳುವವರು ಬಣ್ಣಕ್ಕೆ ಮರುಳಾಗುವ ಮುನ್ನ ಮಂಜೂರಾದ ನಕ್ಷೆಯನ್ನು ಕೇಳಿ, ಅಂತಸ್ತುಗಳನ್ನು ಎಣಿಸಿ ನೋಡಲಿ. ಹಳೆಯ ಮನೆಯ ಗೋಡೆ ಒಡೆದು ಹಜಾರವನ್ನು ಹಿಗ್ಗಿಸುವವರು, ಆ ಗೋಡೆ ಯಾವ ಭಾರವನ್ನು ಹೊತ್ತಿದೆಯೆಂದು ಬಲ್ಲ ಇಂಜಿನಿಯರರನ್ನು ಮೊದಲು ವಿಚಾರಿಸಲಿ. ಮೇಸ್ತ್ರಿಯ ಧೈರ್ಯವನ್ನು ನೆಚ್ಚಿ ಮಕ್ಕಳನ್ನು ಮಲಗಿಸಬೇಡಿ.