ಬಿಟ್ಟ ಹೆಸರುಗಳನ್ನು ಬರೆಯಿರಿ

ಎಸ್.ಎಲ್. ಭೈರಪ್ಪನವರ ಕಾದಂಬರಿ 'ವಂಶವೃಕ್ಷ' ಬಂದದ್ದು 1965ರಲ್ಲಿ. ಓದದವರಲ್ಲೂ ಅನೇಕರು ಬಿ.ವಿ. ಕಾರಂತ, ಗಿರೀಶ ಕಾರ್ನಾಡರ ಸಿನಿಮಾದಿಂದ ಆ ಕಥೆಯನ್ನು ಬಲ್ಲರು. ವಿಧವೆ ಸೊಸೆ ಕಾತ್ಯಾಯನಿ ಮರುಮದುವೆಯಾದದ್ದು ಸರಿಯೋ ತಪ್ಪೋ ಎಂದು ಇಷ್ಟು ವರ್ಷ ಜಗಳವಾಡಿದ್ದೇವೆ. ಅವಳ ಮಾವ ಶ್ರೀನಿವಾಸ ಶ್ರೋತ್ರಿಯರು ಕೊನೆಗೆ ಮಾಡಿದ್ದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೆ ಅದು ನಮ್ಮ ಮನೆ ಬಾಗಿಲಿಗೇ ಬರುತ್ತದೆ.

ನಂಜನಗೂಡಿನ ಆ ಹಿರಿಯರು ವಂಶದ ಹೆಸರಿನಲ್ಲಿ ತಾಯಿಯಿಂದ ಮಗುವನ್ನು ಬೇರೆ ಮಾಡಿದವರು. ಇಳಿವಯಸ್ಸಿನಲ್ಲಿ ಅವರಿಗೆ ತಿಳಿಯುತ್ತದೆ: ತಾನು ಶ್ರೋತ್ರಿ ವಂಶದ ರಕ್ತವೇ ಅಲ್ಲ. ಆಸ್ತಿ ದಾಯಾದಿಯ ಪಾಲಾಗಬಾರದೆಂದು ಹಿಂದಿನವರು ಮಾಡಿಕೊಂಡ ಏರ್ಪಾಟಿನಿಂದ ಹುಟ್ಟಿದವನು. (ಆ ಏರ್ಪಾಟಿಗೆ ಒಳಗಾದ ಹೆಂಗಸಿನ ಮನಸ್ಸನ್ನು ಯಾರು ಕೇಳಿದ್ದರು? ಕಾತ್ಯಾಯನಿಯನ್ನು ಸಾಯಿಸಿದ ಕಾದಂಬರಿಕಾರರ ಮೇಲೂ ನನಗೆ ಸಿಟ್ಟಿದೆ.) ಆದರೆ ಶ್ರೋತ್ರಿಯರು ನಿಜ ತಿಳಿದು ನಿಟ್ಟುಸಿರುಬಿಟ್ಟು ಸುಮ್ಮನಾಗಲಿಲ್ಲ. ತನ್ನದಲ್ಲದ ಆಸ್ತಿಯನ್ನು ಕೊಟ್ಟು ಎದ್ದು ಹೊರಟರು.

ನಾವೋ? ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆಂದು ನಾಡಕಚೇರಿಗೆ ಹೋಗುತ್ತೇವೆ. ಅಲ್ಲಿ ಕೊಡಬೇಕಾದದ್ದೂ ವಂಶವೃಕ್ಷವೇ. ಜೊತೆಗೆ ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ಟು. ಗಂಡುಮಕ್ಕಳ ಹೆಸರುಗಳು ಸಾಲಾಗಿ ಬರುತ್ತವೆ. ಭದ್ರಾವತಿಗೋ ಮುಂಬಯಿಗೋ ಕೊಟ್ಟ ಅಕ್ಕನ ಹೆಸರು ಎಷ್ಟೋ ಮನೆಗಳಲ್ಲಿ ಜಾರಿಹೋಗುತ್ತದೆ. ಅಪ್ಪ ಇನ್ನೊಂದು ಊರಲ್ಲಿ ಇಟ್ಟುಕೊಂಡಿದ್ದ ಸಂಸಾರದ ಮಕ್ಕಳಂತೂ ಹುಟ್ಟಲೇ ಇಲ್ಲ ಎಂಬಂತೆ. ಸತ್ಯಪ್ರಮಾಣ ಮಾಡಿ ಸಹಿ ಹಾಕುತ್ತೇವೆ, ಸಾಕ್ಷಿಗೆ ಊರಿನವರೇ ಬರುತ್ತಾರೆ.

ಕೇಳಿದರೆ ಉತ್ತರ ಸಿದ್ಧ. "ಅವಳಿಗೆ ಮದುವೇಲಿ ಕೊಟ್ಟಾಗಿದೆಯಲ್ಲ." "ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತೆ." "ಸತ್ತವರ ಮರ್ಯಾದೆ ಯಾಕೆ ತೆಗೀತೀರಿ?" ಸತ್ತವರ ಮರ್ಯಾದೆಗೆ ಬದುಕಿರುವವರ ಪಾಲನ್ನು ಬೆಲೆಯಾಗಿ ತೆರುವ ಹಕ್ಕು ನಮಗೆ ಯಾರು ಕೊಟ್ಟರು? ಗೌರಿಹಬ್ಬಕ್ಕೆ ಬಾಗಿನ ಕಳಿಸಿ, ಅದೇ ಕೈಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅಣ್ಣಂದಿರೇ, ಆ ಪತ್ರವನ್ನು ಅವಳಿಗೆ ಒಮ್ಮೆಯಾದರೂ ಪೂರ್ತಿ ಓದಿಹೇಳಿದ್ದೀರಾ?

ಕಾನೂನು ನಮಗಿಂತ ಮುಂದೆ ಹೋಗಿಬಿಟ್ಟಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ ಹೇಳಿತು. ಆಗ ಮದುವೆಯಾಗಿದ್ದವರನ್ನು ಹೊರಗಿಟ್ಟಿತು, ಅದು ಬೇರೆ ಮಾತು. 2005ರ ಕೇಂದ್ರದ ತಿದ್ದುಪಡಿ ಆ ಅಡ್ಡಿಯನ್ನೂ ತೆಗೆಯಿತು. ಅಷ್ಟರೊಳಗೆ ಅಪ್ಪ ತೀರಿಹೋಗಿದ್ದರೂ ಮಗಳ ಹಕ್ಕು ಹೋಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ, ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ, ಕಾನೂನು ಒಪ್ಪದ ಮದುವೆಯಿಂದ ಹುಟ್ಟಿದ ಮಕ್ಕಳಿಗೂ ತಂದೆತಾಯಿಗೆ ಬರುವ ಪಾಲಿನಲ್ಲಿ ಹಕ್ಕಿದೆ ಎಂದಿತು. ಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿಯಿದ್ದವರಿಗೆ ಇದೆಲ್ಲ. ಉಳಿದವರಿಗೆ ಇರುವುದು ನಿಮ್ಮ ಆತ್ಮಸಾಕ್ಷಿಯೊಂದೇ.

ಆದ್ದರಿಂದ ಕೇಳುತ್ತಿದ್ದೇನೆ. ಎಲ್ಲ ಬಲ್ಲ ಅಜ್ಜಿ, ದೊಡ್ಡಮ್ಮಂದಿರು ಇನ್ನೂ ಇರುವಾಗಲೇ ಅವರ ಬಳಿ ಕೂತು ಕೇಳಿ. ಅವರು ಹೇಳಲು ಹಿಂಜರಿದರೆ ಅವಸರಪಡಿಸಬೇಡಿ. ಹೇಳಿದ್ದನ್ನು ಊರಿಗೆ ಸಾರಲೂ ಬೇಡಿ. ಯಾರದೋ ಹುಟ್ಟಿನ ಕಥೆ ಕಟ್ಟೆಯ ಮೇಲಿನ ಹರಟೆಯಾಗಬೇಕೆಂದು ನಾನು ಹೇಳುತ್ತಿಲ್ಲ. ಆ ಕಥೆ ಯಾರಿಗೆ ಸೇರಿದ್ದೋ ಅವರಿಗೆ ಹೇಳಿ, ಪಾಲು ಯಾರದೋ ಅವರಿಗೆ ಕೊಡಿ. ಖಾತೆಗೆ ಅರ್ಜಿ ಬರೆಯುವ ದಿನ, "ಹೆಣ್ಣುಮಕ್ಕಳು ಇದ್ದಾರಾ?" ಎಂದು ಗ್ರಾಮ ಆಡಳಿತಾಧಿಕಾರಿ ಕೇಳುವ ಮೊದಲೇ ಅಕ್ಕನ ಹೆಸರು ಹೇಳಿ. ಅವಳು ಹುಟ್ಟಿದ ಕ್ರಮದಲ್ಲೇ, ನಿಮ್ಮ ಹೆಸರಿಗಿಂತ ಮೇಲೆ, ಬರೆಸಿ.