ಕ್ಯಾಮೆರಾದ ಚೀಲ ಮತ್ತು ಹೊರುವ ಹೆಗಲು

ನಮ್ಮವರ ಮನೆಗಳಿಗೂ ಶಾಲೆಗಳಿಗೂ ಈಚೆಗೆ ಒಳ್ಳೆಯ ಕ್ಯಾಮೆರಾಗಳು ಬಂದಿವೆ. ಊರು ಬಿಟ್ಟು ದುಡಿಯುವ ಹಳೆ ವಿದ್ಯಾರ್ಥಿಗಳು ಅಭಿಮಾನದಿಂದ ಕೊಡಿಸಿದವುಗಳೂ ಇವೆ. ಆದರೆ ಅವುಗಳಲ್ಲಿ ಬಹುಪಾಲು ವರ್ಷವಿಡೀ ಕಪಾಟಿನಲ್ಲಿಯೇ ಇರುತ್ತವೆ. ಆಸಕ್ತಿಯ ಕೊರತೆಯೇ ಕಾರಣವೆಂದು ನಾವು ಬಹಳ ಕಾಲ ತಿಳಿದಿದ್ದೆವು. ಹಾಗಲ್ಲ, ಹೊರಲಾರದ ಚೀಲವೇ ಮುಖ್ಯ ಕಾರಣವೆಂದು ಈಗ ಮನವರಿಕೆಯಾಗಿದೆ.

ಕಳೆದ ಬೇಸಗೆಯಲ್ಲಿ ಗುಡ್ಡದಾಚೆಯ ಒಂದು ಹಳೆಮನೆಯ ಕನ್ನಡ ದಸ್ತಾವೇಜುಗಳ ಚಿತ್ರ ತೆಗೆಯಲು ಮಕ್ಕಳೊಂದಿಗೆ ಹೋಗಿದ್ದೆವು. ಇದ್ದದ್ದು ಒಂದೇ ಹೆಗಲಿಗೆ ನೇತುಹಾಕುವ ಚೀಲ. ಅರ್ಧ ದಾರಿಯಲ್ಲೇ ಹುಡುಗನ ಹೆಗಲು ಕೆಂಪಾಯಿತು. ಮರುವಾರ ಭಾರವಾಗುವುದೆಂದು ಮುಕ್ಕಾಲಿಯನ್ನು ಬಿಟ್ಟು ಹೋದೆವು. ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರಗಳು ಅಲುಗಿ, ಒಂದಕ್ಷರವೂ ಓದಲು ಬರಲಿಲ್ಲ. ಮೂರನೆಯ ಸಲ ಹೋಗುವಷ್ಟರಲ್ಲಿ ಮನೆ ಕೆಡವಿಯಾಗಿತ್ತು, ಕಾಗದಗಳು ಬಚ್ಚಲೊಲೆ ಸೇರಿದ್ದವು.

ಲೆಕ್ಕ ಹಾಕಿ ನೋಡೋಣ. ಕ್ಯಾಮೆರಾ ಮತ್ತು ಮಸೂರ ಸುಮಾರು ಒಂದೂವರೆ ಕಿಲೋ, ದೂರದ ಮಸೂರ ಇನ್ನೊಂದೂವರೆ, ಮುಕ್ಕಾಲಿ ಎರಡು, ನೀರು ಮತ್ತು ಚೀಲದ ಭಾರ ಸೇರಿದರೆ ಆರು ಕಿಲೋ ಮೀರುತ್ತದೆ. ಶಾಲಾಚೀಲ ಮಗುವಿನ ತೂಕದ ನೂರಕ್ಕೆ ಹತ್ತರಷ್ಟನ್ನು ಮೀರಬಾರದೆಂದು ಕೇಂದ್ರ ಸರಕಾರದ 2020ರ ನೀತಿ ಹೇಳುತ್ತದೆ. 45 ಕಿಲೋದ ಮಗುವಿಗೆ ನಾಲ್ಕೂವರೆ ಕಿಲೋವೇ ಮಿತಿ. ಆದ್ದರಿಂದ ಮಕ್ಕಳೊಂದಿಗೆ ಹೋಗುವಾಗ ಭಾರವನ್ನು ಇಬ್ಬರಿಗೆ ಹಂಚಲೇಬೇಕು.

ಚೀಲ ಕೊಳ್ಳುವಾಗ ಬಣ್ಣವನ್ನೂ ಹೆಸರನ್ನೂ ನೋಡಬೇಡಿ. ಎರಡೂ ಹೆಗಲಿಗೆ ಬರುವ, ಮೆತ್ತೆಯುಳ್ಳ ಅಗಲ ಪಟ್ಟಿಗಳಿರಲಿ. ಸೊಂಟದ ಪಟ್ಟಿ ಇದ್ದರೆ ಭಾರದ ದೊಡ್ಡ ಪಾಲು ಸೊಂಟದ ಮೂಳೆಗೆ ಇಳಿಯುತ್ತದೆ. ಭಾರದ ಮಸೂರ ಬೆನ್ನಿಗೆ ಹತ್ತಿರವಿರಬೇಕು. ಹೊರಗಡೆ ಇದ್ದರೆ ಚೀಲ ಹಿಂದಕ್ಕೆ ಎಳೆಯುತ್ತದೆ. ಬರಿಚೀಲವೇ ಎರಡು ಕಿಲೋ ತೂಗಿದರೆ ಬೇಡವೆನ್ನಿ. ಸಲಕರಣೆಯನ್ನೆಲ್ಲ ತುಂಬಿ, ಅಂಗಡಿಯಲ್ಲಿಯೇ ಕಾಲು ಗಂಟೆ ನಡೆದಾಡಿ ನೋಡಿ. ಅಂಗಡಿಯವನು ಬೇಸರಿಸಿದರೆ ಬೇಸರಿಸಲಿ, ಹೊರುವವರು ನಾವು.

ನಮ್ಮ ಮಳೆಗೆ ಹೊದಿಕೆ ಅನಿವಾರ್ಯ. ಆದರೆ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಕ್ಯಾಮೆರಾವನ್ನು ಅದೇ ಚೀಲದಲ್ಲಿ ಮುಚ್ಚಿಟ್ಟರೆ ಮಸೂರಕ್ಕೆ ಬೂಸ್ಟು ಹಿಡಿಯುತ್ತದೆ. ಮನೆಗೆ ಬಂದೊಡನೆ ಹೊರತೆಗೆದು, ತೇವ ಹೀರುವ ಸಿಲಿಕಾ ಹರಳುಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡುವುದು ಲೇಸು.

ಸಾವಿರಾರು ರೂಪಾಯಿಯ ಕ್ಯಾಮೆರಾ ಕೊಟ್ಟು ಚೀಲಕ್ಕೆ ಜಿಪುಣತನ ತೋರುವುದು ಆನೆ ಕೊಂಡು ಅಂಕುಶಕ್ಕೆ ಚೌಕಾಶಿ ಮಾಡಿದಂತೆ. ದಾನಿಗಳೂ ರಕ್ಷಕ ಶಿಕ್ಷಕ ಸಂಘದವರೂ ಇದನ್ನು ಗಮನಿಸಬೇಕೆಂದು ನಮ್ಮ ವಿನಂತಿ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಬರೆದ ಮನವಿಗಳಿಗೆ ಲೆಕ್ಕವಿಲ್ಲ. ಮನವಿಗೆ ಆಧಾರ ಬೇಕು. ಆ ಆಧಾರಗಳು ನಮ್ಮ ಅಟ್ಟಗಳಲ್ಲಿ ಗೆದ್ದಲು ಹಿಡಿಯುತ್ತಿವೆ. ಅವುಗಳ ಚಿತ್ರ ತೆಗೆಯಲು ಗುಡ್ಡ ಹತ್ತುವ ಮಕ್ಕಳ ಹೆಗಲು ನೋಯದಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮ ಹೊಣೆ.