ಚೇಳು ಕಡಿಯುತ್ತದೆ ಎಂದೇ ಚಿಗವ್ವ ಹೇಳಿದ್ದಳು

ಮೊದಲೇ ಹೇಳಿಬಿಡುತ್ತೇನೆ: ಇದು ನೋಡುಗರನ್ನು ಬೆಚ್ಚಿಬೀಳಿಸಲೆಂದೇ ಮಾಡಿದ ಹಳೆಯ ಸಾಕ್ಷ್ಯಚಿತ್ರಗಳ ಪರವಾಗಿ ಬರೆದದ್ದು. ಆದರೆ ಅವುಗಳನ್ನು ಮಾಡಿದವರ ಪರವಾಗಿ ಅಲ್ಲ.

ಕಳೆದ ತಿಂಗಳು ಸುರಪುರದಲ್ಲಿ ಗೆಳೆಯನ ಮನೆಯ ಮಾಳಿಗೆ ಮೇಲೆ ಹತ್ತು ಹನ್ನೆರಡು ಜನ ಸೇರಿ 1962ರ ಇಟಾಲಿಯನ್ ಚಿತ್ರ 'ಮೊಂಡೊ ಕಾನೆ'ಯನ್ನು ನೋಡಿದೆವು. ಜಾಕೊಪೆಟ್ಟಿ, ಕವಾರಾ, ಪ್ರೊಸ್ಪೆರಿ ಎಂಬ ಮೂವರು ಮಾಡಿದ ಚಿತ್ರ. ಜಗತ್ತಿನ ಮೂಲೆಮೂಲೆಯ ವಿಚಿತ್ರ, ಕ್ರೂರ ಆಚರಣೆಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ತೋರಿಸುತ್ತಾ, ಮೇಲೊಂದು ಕುಹಕದ ನಿರೂಪಣೆ ಸುರಿಯುತ್ತಾ ಹೋಗುತ್ತದೆ. ಇದರ ಹಿಂದೆ 'ಮೊಂಡೊ' ಎಂಬ ಹೆಸರಿನ ಚಿತ್ರಗಳ ಒಂದು ಸಾಲೇ ಬಂತು. ಚಿತ್ರ ಮುಗಿದ ಮೇಲೆ ಎರಡು ಮಾತು ಕೇಳಿಬಂದವು. ಬಿ.ಎ. ಕೊನೆಯ ವರ್ಷದ ಹುಡುಗನೊಬ್ಬ, "ಎಲ್ಲಾ ನಾಟಕ ರೀ ಸರ್, ಎರಡು ತಾಸು ಹಾಳು" ಎಂದ. ಹಿರಿಯ ಮೇಷ್ಟ್ರೊಬ್ಬರು, "ಏನೇ ಅನ್ರಿ, ಕಣ್ಣಿಗೆ ಕಂಡದ್ದು ಸುಳ್ಳಾಗತದೇನು?" ಎಂದರು. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ. ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ: ಚಿತ್ರ ಅಂದರೆ ಒಂದೋ ಪೂರ್ತಿ ನಂಬಬೇಕಾದದ್ದು, ಇಲ್ಲವೇ ಪೂರ್ತಿ ಎಸೆಯಬೇಕಾದದ್ದು ಎಂದುಕೊಂಡಿದ್ದಾರೆ.

ಹುಡುಗನ ಮಾತಿಗೆ ಆಧಾರ ಬೇಕಾದಷ್ಟಿದೆ. 1922ರ 'ನಾನೂಕ್ ಆಫ್ ದಿ ನಾರ್ತ್' ಚಿತ್ರದ ನಾನೂಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಆ ಹೊತ್ತಿಗಾಗಲೇ ಅವನ ಜನ ಬಂದೂಕು ಬಳಸುತ್ತಿದ್ದರು. ನಿರ್ದೇಶಕ ಫ್ಲಾಹರ್ಟಿಗೆ ಬೇಕೆಂದು ಈಟಿ ಹಿಡಿದು ಬೇಟೆಯಾಡಿದರು. ಒಳಗೆ ಬೆಳಕು ಬೀಳಲೆಂದು ಹಿಮದ ಮನೆಯನ್ನು ಅರ್ಧ ಮಾತ್ರ ಕಟ್ಟಿದರು. 1958ರ ಡಿಸ್ನಿಯ 'ವೈಟ್ ವೈಲ್ಡರ್ನೆಸ್' ಚಿತ್ರದಲ್ಲಿ ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಸಾಲಾಗಿ ನೀರಿಗೆ ಹಾರಿ ಸಾಯುತ್ತವೆ. ಅವನ್ನು ಬೇರೆಡೆಯಿಂದ ಕೊಂಡು ತಂದು ಕೆನಡಾದ ಆಲ್ಬರ್ಟಾದಲ್ಲಿ ದಡದಿಂದ ತಳ್ಳಿದ್ದರು ಎಂಬುದು 1982ರಲ್ಲಿ ಕೆನಡಾದ ದೂರದರ್ಶನ ಕಾರ್ಯಕ್ರಮವೊಂದರಿಂದ ಬಯಲಾಯಿತು. ಅಷ್ಟರಲ್ಲಿ ಚಿತ್ರಕ್ಕೆ ಆಸ್ಕರ್ ಬಂದು ದಶಕಗಳೇ ಕಳೆದಿದ್ದವು. ಇನ್ನು 1978ರ 'ಫೇಸಸ್ ಆಫ್ ಡೆತ್'. ಹಾಸ್ಟೆಲ್ಲಿನಲ್ಲಿ ನಾವು ಕದ್ದು ನೋಡಿ ಮೂರು ದಿನ ಊಟ ಬಿಟ್ಟ ಚಿತ್ರ. ಅದರಲ್ಲಿ ನಮ್ಮ ಹೊಟ್ಟೆ ತೊಳಸಿದ ಕೋತಿಯ ಮಿದುಳಿನ ಊಟ ಬರೀ ನಟನೆ ಎಂಬುದು ಗೊತ್ತಾದದ್ದು ಆಮೇಲೆ.

ಆದರೆ ನಟನೆಯೇ ದೊಡ್ಡ ಸುಳ್ಳಲ್ಲ. ಬುನ್ಯುಯೆಲ್‌ನ 'ಲ್ಯಾಂಡ್ ವಿದೌಟ್ ಬ್ರೆಡ್' ಚಿತ್ರದಲ್ಲಿ ಬೆಟ್ಟದ ಮೇಕೆಯೊಂದು ಕಾಲು ಜಾರಿ ಬೀಳುತ್ತದೆ. ಗಮನವಿಟ್ಟು ನೋಡಿದರೆ ಚೌಕಟ್ಟಿನ ಅಂಚಿನಲ್ಲಿ ಬಂದೂಕಿನ ಹೊಗೆ ಕಾಣುತ್ತದೆ. ಮೇಕೆ ಜಾರಲಿಲ್ಲ, ಗುಂಡು ಹೊಡೆದು ಬೀಳಿಸಿದರು. ಆದರೂ ಸ್ಪೇನಿನ ಲಾಸ್ ಹುರ್ದೆಸ್ ಪ್ರದೇಶದ ಬಡತನ ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಅಲ್ಲಿನ ಗಣರಾಜ್ಯ ಸರ್ಕಾರ ಅದನ್ನು ನಿಷೇಧಿಸುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಜಾಕೊಪೆಟ್ಟಿ ಮತ್ತು ಪ್ರೊಸ್ಪೆರಿಯವರ 1966ರ 'ಆಫ್ರಿಕಾ ಆಡಿಯೊ' ಇದಕ್ಕೆ ತಿರುವುಮುರುವು. ಅದರಲ್ಲಿನ ಎಷ್ಟೋ ಹೆಣಗಳು ನಿಜವಾದ ಹೆಣಗಳೇ. ಬಿಳಿಯರು ಹೊರಟುಹೋದದ್ದರಿಂದಲೇ ಇದೆಲ್ಲ ಆಯಿತು ಎನ್ನುವ ನಿರೂಪಣೆ ಮಾತ್ರ ಸುಳ್ಳು. ಅಂದರೆ ಕಟ್ಟಿದ ದೃಶ್ಯದೊಳಗೆ ನಿಜ ಇರಬಹುದು, ನಿಜವಾದ ದೃಶ್ಯದ ಮೇಲೆ ಸುಳ್ಳು ಕೂತಿರಬಹುದು. ಮೇಷ್ಟ್ರ "ಕಣ್ಣಿಗೆ ಕಂಡದ್ದು" ಎಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ಶಹಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಬೆಟ್ಟಸಾಲು ಒಂದು ಜಾಗದಲ್ಲಿ ನಿಂತರೆ ಮಲಗಿದ ಬುದ್ಧ. ಅಲ್ಲಿಂದ ಸರಿದು ನಿಂತರೆ ಬರೀ ಬಂಡೆ. ಯಾರು ಎಲ್ಲಿ ನಿಂತು ನೋಡಿದರು ಎಂದು ಕೇಳದೆ ಆ ಬೆಟ್ಟದ ಬಗ್ಗೆ ಏನೂ ಹೇಳಲಾಗದು.

ಈ ವಾದ ನನಗೆ ಪುಸ್ತಕದಿಂದ ಬಂದದ್ದಲ್ಲ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯ ದಿನ ಜನ ಬೆಟ್ಟ ಹತ್ತಿ, ಕಲ್ಲು ಎಬ್ಬಿಸಿ, ಚೇಳು ಹಿಡಿದು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಮಕ್ಕಳೂ ಬಿಟ್ಟುಕೊಳ್ಳುತ್ತಾರೆ. ಟಿ.ವಿ. ನೋಡುವವರಿಗೆಲ್ಲ ಗೊತ್ತಿರುವ ಜಾತ್ರೆ. ನಾನು ಐದು ವರ್ಷದವನಿದ್ದಾಗ ಹೊರದೇಶದ ಒಂದು ತಂಡ ಬಂದು ಅದನ್ನು ಚಿತ್ರಿಸಿಕೊಂಡು ಹೋಯಿತು. ಆ ಚಿತ್ರ ನಾನು ನೋಡಿದ್ದು ಇಪ್ಪತ್ತು ವರ್ಷಗಳ ನಂತರ, ಒಂದು ವಿಚಾರ ಸಂಕಿರಣದಲ್ಲಿ. ಪ್ರಬಂಧ ಮಂಡಿಸುತ್ತಿದ್ದವರು 'ನಂಬಿಕೆಯೇ ನಂಜುನಿವಾರಕವಾಗುವ ಸಮುದಾಯ' ಎಂಬ ತಮ್ಮ ವಾದಕ್ಕೆ ಸಾಕ್ಷಿಯಾಗಿ ಅದರ ತುಣುಕೊಂದನ್ನು ತೋರಿಸಿದರು. ಪರದೆಯ ಮೇಲೆ ಅಂಗೈಯಲ್ಲಿ ಚೇಳು ಇಟ್ಟುಕೊಂಡು ನಿಂತವಳು ನನ್ನ ಚಿಗವ್ವ. ಕೆಳಗೆ ಇಂಗ್ಲಿಷಿನಲ್ಲಿ ಬಂದ ಸಾಲಿನ ಅರ್ಥ: ದೇವಿಯ ಮಕ್ಕಳನ್ನು ಚೇಳು ಎಂದೂ ಕಡಿಯದು.

ನಿರೂಪಕನ ದನಿಯ ಅಡಿಯಲ್ಲಿ ಚಿಗವ್ವನ ದನಿ ಸಣ್ಣಗೆ ಕೇಳುತ್ತಿತ್ತು. ಅವಳು ಹೇಳುತ್ತಿದ್ದದ್ದು ಇದು: "ಕಡಿಲಾರದ ಇರ್ತದೇನ್ರಿ? ಚೇಳು ಕಡಿತದ. ಕಡದ್ರ ಭಂಡಾರ ಹಚ್ಚಿ ಕುಂದ್ರತೀವಿ, ಅವ್ವನ ಮ್ಯಾಲ ಭಾರ ಹಾಕಿ."

ಆ ಸಭೆಯಲ್ಲಿ ನಮ್ಮ ಕಡೆಯ ಕನ್ನಡ ತಿಳಿದವನು ನಾನೊಬ್ಬನೇ. ನಾನು ಬಾಯಿ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವಳು ನನ್ನ ಚಿಗವ್ವ ಎಂದು ಹೇಳಲು ನಾಚಿಕೆಯಾಯಿತು. ಆ ಮೌನದ ಸಾಲ ತೀರಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ಊರಿಗೆ ಬಂದು ಚಿಗವ್ವನಿಗೆ ಕೇಳಿದೆ. ಅವತ್ತು ಚೇಳು ಕಡಿದಿತ್ತಂತೆ. ಕ್ಯಾಮೆರಾದವರು ಜೀಪು ಹತ್ತಿ ಹೋದ ಮೇಲೆ. ರಾತ್ರಿಯೆಲ್ಲ ಭುಜದ ತನಕ ಉರಿ, ಮೈಯೆಲ್ಲ ಬೆವರು. ಬೆಳಗಾದ ಮೇಲೆ ಯಾದಗಿರಿ ದವಾಖಾನೆಗೆ ಕರೆದೊಯ್ದರಂತೆ. ನಮ್ಮ ಸೀಮೆಯ ಕೆಂಪು ಚೇಳಿನ ವಿಷ ಮಕ್ಕಳ ಜೀವ ತೆಗೆಯಬಲ್ಲದು. ಅದಕ್ಕೆ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಉಪಯೋಗಕ್ಕೆ ಬರುತ್ತದೆ ಎಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡದಲ್ಲಿ ಕೆಲಸ ಮಾಡಿದ ವೈದ್ಯ ಹಿಮ್ಮತರಾವ್ ಬಾವಸ್ಕರ್. ದವಾಖಾನೆ ಎಷ್ಟು ದೂರ, ಅಲ್ಲಿ ಆ ಮಾತ್ರೆ ಇದೆಯೇ ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೂ ಆ ಚಿತ್ರ ಬೇರೆಯೇ ಚಿತ್ರವಾಗುತ್ತಿತ್ತು. ಕೇಳಲಿಲ್ಲ. ಪವಾಡಕ್ಕೆ ದವಾಖಾನೆ ಅಡ್ಡಿ.

ಹಾಗಾದರೆ ಆ ಚಿತ್ರವನ್ನು ಎಸೆಯಬೇಕೇ? ಎಸೆದರೆ ಚಿಗವ್ವನ ಮಾತೂ ಹೋಗುತ್ತದೆ. ಅವತ್ತು ಅವಳು ಹೇಳಿದ ನಿಜ ಉಳಿದಿರುವುದು ಆ ಸುಳ್ಳು ಚಿತ್ರದೊಳಗೆ ಮಾತ್ರ. ಹಳೆಯ ಚಿತ್ರಗಳ ಬೆಲೆ ನನ್ನ ಪಾಲಿಗೆ ಇದು: ಮಾಡಿದವನಿಗೆ ಅರ್ಥವಾಗದ, ಹಾಗಾಗಿ ಅಳಿಸಲೂ ಆಗದ ಸಂಗತಿಗಳು ಅವುಗಳಲ್ಲಿ ಸಿಕ್ಕಿಬಿದ್ದಿರುತ್ತವೆ. ಅವನ್ನು ಕೇಳಿಸಿಕೊಳ್ಳಬಲ್ಲವರು ಆ ಭಾಷೆಯವರು, ಆ ಊರಿನವರು. ಅವರೇ "ಎಲ್ಲಾ ನಾಟಕ" ಎಂದು ಎದ್ದು ಹೋದರೆ ಉಳಿಯುವುದು ಇಂಗ್ಲಿಷ್ ಸಾಲು ಮಾತ್ರ.

ಪುಸ್ತಕಗಳ ವಿಷಯದಲ್ಲಿ ನಾವು ಇದನ್ನು ಮಾಡುತ್ತಲೇ ಬಂದಿದ್ದೇವೆ. ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ 1839ರಲ್ಲಿ ಠಕ್ಕರ ಕೊಲೆಗಳ ಕಥೆ ಬರೆದು ಇಂಗ್ಲೆಂಡಿನ ಓದುಗರನ್ನು ಬೆಚ್ಚಿಬೀಳಿಸಿದವನು. ಅವನ ಆತ್ಮಕಥೆ ಬಂದದ್ದು 1877ರಲ್ಲಿ. ಅದರಲ್ಲಿ ರಾಜಾ ವೆಂಕಟಪ್ಪ ನಾಯಕನ ಸಾವಿನ ಬಗ್ಗೆ ಹೇಳಿದ್ದನ್ನು ಸುರಪುರದಲ್ಲಿ ಎಲ್ಲರೂ ಒಪ್ಪುವುದಿಲ್ಲ. ಒಪ್ಪದವರೂ ಟೇಲರನನ್ನು ಓದುತ್ತಾರೆ, ಸಾಲು ಸಾಲಿಗೆ ತಕರಾರು ತೆಗೆಯುತ್ತಾರೆ. ಪುಸ್ತಕಕ್ಕೆ ಕೊಟ್ಟ ಈ ತಾಳ್ಮೆಯನ್ನು ಚಿತ್ರಕ್ಕೇಕೆ ಕೊಡುವುದಿಲ್ಲ?

"ನಮ್ಮ ಮರ್ಯಾದೆ ಹೋಗುತ್ತದೆ" ಎನ್ನುವವರು ಇದ್ದಾರೆ. ಇದು ಸರ್ಕಾರದ ಉತ್ತರ. ಲೂಯಿ ಮಾಲ್‌ನ ಭಾರತದ ಕುರಿತ ಸರಣಿಯನ್ನು ಬಿ.ಬಿ.ಸಿ. ತೋರಿಸಿತೆಂದು 1970ರಲ್ಲಿ ದಿಲ್ಲಿಯ ಬಿ.ಬಿ.ಸಿ. ಕಚೇರಿಯನ್ನೇ ಮುಚ್ಚಿಸಲಾಯಿತು. ಚಿತ್ರದಲ್ಲಿದ್ದ ಬಡವರ ಬಡತನ ಅದರಿಂದ ಒಂದು ಕಾಳಿನಷ್ಟೂ ಕಡಿಮೆಯಾಗಲಿಲ್ಲ. ಮೈಲಾಪುರದ ಮೈಲಾರಲಿಂಗನ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದಕ್ಕೆ ಈಗ ನಿಷೇಧವಿದೆ. ಆ ಪದ್ಧತಿ ಪೂರ್ತಿ ಅಳಿದ ಮೇಲೆ, "ಹಾಗೆಲ್ಲ ನಮ್ಮಲ್ಲಿ ಇರಲೇ ಇಲ್ಲ" ಎನ್ನುವವರು ಹುಟ್ಟುತ್ತಾರೆ. ಅವರೆದುರು ಇಡಲು ಕಾಲ್ತುಳಿತಕ್ಕೆ ಸಿಕ್ಕ ಮರಿಗಳ ಆ ದೃಶ್ಯಗಳೇ ಬೇಕು.

ಬೆಚ್ಚಿಬೀಳಿಸುವುದೂ ತಪ್ಪಲ್ಲ. ದೀಪಾ ಧನರಾಜ್ ಅವರ 1991ರ 'ಸಮ್‌ಥಿಂಗ್ ಲೈಕ್ ಎ ವಾರ್' ಸಂತಾನಹರಣ ಶಸ್ತ್ರಚಿಕಿತ್ಸಾ ಶಿಬಿರವನ್ನು ತೋರಿಸುವಾಗ ಕಣ್ಣು ಮುಚ್ಚಿಕೊಳ್ಳುವಂತಾಗುತ್ತದೆ. ಮಲಹೊರುವವರ ಬಗ್ಗೆ ದಿವ್ಯಾ ಭಾರತಿ 2017ರಲ್ಲಿ ಮಾಡಿದ ತಮಿಳಿನ 'ಕಕ್ಕೂಸ್' ಕೂಡ ಅಂಥದ್ದೇ. ಅಲ್ಲಿ ಹೇಸಿಕೆ ಹುಟ್ಟುವುದು ಮಲಗಿರುವ ಹೆಂಗಸಿನ ಮೇಲಲ್ಲ, ಗುಂಡಿಗಿಳಿದ ಕಾರ್ಮಿಕನ ಮೇಲಲ್ಲ. ಅವರನ್ನು ಅಲ್ಲಿಗೆ ತಂದ ವ್ಯವಸ್ಥೆಯ ಮೇಲೆ. 'ಮೊಂಡೊ' ಚಿತ್ರಗಳಲ್ಲಿ ಹೇಸಿಕೆ ಚಿತ್ರದೊಳಗಿನ ಮನುಷ್ಯನ ಮೇಲೆಯೇ ಬೀಳುತ್ತದೆ. ನನಗೆ ಗೊತ್ತಿರುವ ಒರೆಗಲ್ಲು ಇದೊಂದೇ.

ಒಂದು ಆಕ್ಷೇಪಕ್ಕೆ ಮಾತ್ರ ತಲೆಬಾಗುತ್ತೇನೆ. ಒಮ್ಮೆ ಅವಮಾನಿಸಿದ ಚಿತ್ರವನ್ನು ಮತ್ತೆ ತೋರಿಸಿದರೆ ಅದು ಮತ್ತೊಮ್ಮೆ ಅವಮಾನವಲ್ಲವೇ? ಹೌದು, ಕೇಳದೆ ತೋರಿಸಿದರೆ. 2010ರಲ್ಲಿ ದೇವದಾಸಿಯರ ಬಗ್ಗೆ 'ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್' ಎಂಬ ಚಿತ್ರ ಬಂದಾಗ ಗಡಿಯಾಚೆಯ ಸಾಂಗ್ಲಿಯ ಲೈಂಗಿಕ ಕಾರ್ಯಕರ್ತೆಯರ ಸಂಘಟನೆ 'ವ್ಯಾಂಪ್' ಅದನ್ನು ಸುಡಿ ಎನ್ನಲಿಲ್ಲ. ತಾವೇ ಕ್ಯಾಮೆರಾ ಮುಂದೆ ಕೂತು, ತಮ್ಮ ಬದುಕನ್ನು ಹೇಗೆ ತಿರುಚಲಾಗಿದೆ ಎಂದು ಉತ್ತರ ಕೊಟ್ಟು ಅಂತರ್ಜಾಲಕ್ಕೆ ಹಾಕಿದರು. ಸಂಶೋಧಕರಾದ ನಾವು ಇಷ್ಟು ಸರಳ ಕೆಲಸವನ್ನು ಇನ್ನೂ ಕಲಿತಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟೇ. ನಮ್ಮ ಊರುಗಳ ಬಗ್ಗೆ ಯಾರ್ಯಾರೋ ತೆಗೆದ ಚಿತ್ರಗಳನ್ನು ಹುಡುಕಿ ತನ್ನಿ. ಎಲ್ಲಿ, ಯಾವಾಗ, ಯಾರು ತೆಗೆದರು ಎಂದು ಬರೆದಿಡಿ. ಆಯಾ ಊರಿನ ಕಟ್ಟೆಯ ಮೇಲೆ, ಅದರಲ್ಲಿರುವವರನ್ನು ಕೇಳಿ, ಅವರಿಗೇ ತೋರಿಸಿ. ಅಡಿಯ ದನಿಯನ್ನು ಬರೆದುಕೊಳ್ಳಿ. ಅಲ್ಲಿಯವರೆಗೆ ಸಂಕಿರಣದಲ್ಲಿ ಅವನ್ನು ಸಾಕ್ಷಿಯೆಂದು ತೋರಿಸಬೇಡಿ, ಹಾಸ್ಟೆಲ್ಲಿನಲ್ಲಿ ಮೋಜೆಂದೂ ತೋರಿಸಬೇಡಿ.

ಇದನ್ನು ಬರೆಯುವ ಮೊದಲು ಆ ತುಣುಕನ್ನು ಚಿಗವ್ವನಿಗೆ ಫೋನಿನಲ್ಲಿ ತೋರಿಸಿದೆ. ತನ್ನ ಹರೆಯದ ಮುಖವನ್ನು ಬಹಳ ಹೊತ್ತು ನೋಡಿದಳು. "ಕೆಳಗ ಏನ ಬರದಾರೋ ತಮ್ಮಾ?" ಎಂದಳು. ಓದಿ ಹೇಳಿದೆ. "ನಾ ಹಂಗ ಅಂದೇ ಇಲ್ಲಲ್ಲೋ" ಎಂದಳು. ನಿನ್ನ ವಿಷಯ ಬರೆಯಲೇ ಎಂದು ಕೇಳಿದೆ.

"ಬರಿ. ಆದ್ರ ನಾ ಏನ ಅಂದೀನಿ ಅದನ್ನ ಬರಿ."